ಬೋಟಿನ ಸೆಕೆಗೆ ಸಿಕ್ಕ ಪರಿಹಾರ

ಬೇಸಿಗೆಗೆ ಅಕ್ಕ, ಭಾವ, ಮಕ್ಕಳು ನಮ್ಮ ಬೋಟಿಗೆ ಬಂದಿದ್ದರು. ಮೊದಲ ರಾತ್ರಿ ಕ್ಯಾಬಿನ್ನಿನ ಸೆಕೆಗೆ ಯಾರಿಗೂ ನಿದ್ದೆಯಿಲ್ಲ. ಸಣ್ಣವಳ ಕುತ್ತಿಗೆಯಲ್ಲಿ ಬೆವರುಸಾಲೆ ಎದ್ದಿದ್ದು ನೋಡಿ ಹೊಟ್ಟೆ ಚುರ್ರೆಂದಿತು. ಫ್ಯಾನ್ ಹಾಕಿದರೂ ಅದೇ ಬಿಸಿಗಾಳಿ.

ತಪ್ಪಿದ್ದದ್ದು ಕಟ್ಟಿದ ರೀತಿಯಲ್ಲಿ. ಜೆಟ್ಟಿಯಲ್ಲಿ ಬೋಟು ಗಾಳಿಗೆ ಅಡ್ಡಲಾಗಿತ್ತು. ಮರುಸಂಜೆ ಅಲೆಯಿಲ್ಲದ ಕಡೆ ಮೂತಿಯಿಂದ ಲಂಗರು ಬಿಟ್ಟೆ. ಬೋಟು ತಾನಾಗಿ ಗಾಳಿಗೆ ಮುಖ ಮಾಡಿತು (ನೀರಿನ ಸೆಳೆತ ಜೋರಿದ್ದರೆ ಹೀಗಾಗದು). ಮುಂದಿನ ಹ್ಯಾಚ್ (ಕ್ಯಾಬಿನ್ನಿನ ಮೇಲಿನ ಮುಚ್ಚಳದ ಕಿಂಡಿ) ತೆರೆದು, ಅದರ ಹಿಂದೆ ಹಳೇ ಬೆಡ್‌ಶೀಟನ್ನು ಓರೆಯಾಗಿ ಎತ್ತಿ ಕಟ್ಟಿದೆ. ಗಾಳಿ ಬಟ್ಟೆಗೆ ಬಡಿದು ಒಳಗಿಳಿಯತೊಡಗಿತು. ಹಿಂದಿನ ಬಾಗಿಲೂ ತೆರೆದಿರಲೇಬೇಕು, ಇಲ್ಲದಿದ್ದರೆ ಗಾಳಿ ಆಡುವುದಿಲ್ಲ. ಹಗಲಿಗೆ ಡೆಕ್ಕಿನಿಂದ ಒಂದಡಿ ಮೇಲೆ ಟಾರ್ಪಾಲು ಕಟ್ಟಿದೆ.

ಆ ರಾತ್ರಿ ಎರಡು ಗಂಟೆಗೆ ಸಣ್ಣವಳು ಹೊದಿಕೆ ಕೇಳಿದಳು.