ಪೆನ್‌ಡ್ರೈವ್‌ನ ವಿಎಲ್‌ಸಿಯಲ್ಲಿ ಧ್ವನಿ ಮಾತ್ರ ಬಂದು ಚಿತ್ರ ಕಪ್ಪಾಗುತ್ತಿದ್ದರೆ

ಮೂಡಿಗೆರೆಯ ಕಾಫಿ ಬೆಳೆಗಾರರ ಸಭೆಗಳಲ್ಲಿ ಗಿಡ ಕಸಿ ಮಾಡುವ ವಿಡಿಯೊ ತೋರಿಸಲು ಪೆನ್‌ಡ್ರೈವ್‌ನಲ್ಲಿ ವಿಎಲ್‌ಸಿ ಪೋರ್ಟಬಲ್ (ಕಂಪ್ಯೂಟರಿನಲ್ಲಿ ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಓಡುವ ವಿಡಿಯೊ ಪ್ಲೇಯರ್) ಒಯ್ಯುತ್ತೇನೆ. ಸಭಾಂಗಣದ ಹಳೆಯ ವಿಂಡೋಸ್ ಕಂಪ್ಯೂಟರಿನಲ್ಲಿ ಧ್ವನಿ ಸರಿಯಾಗಿ ಕೇಳಿದರೂ ಪರದೆ ಕಪ್ಪಾಗಿರುತ್ತಿತ್ತು, ಕೆಲವೊಮ್ಮೆ ಹಸಿರು ಪಟ್ಟೆಗಳು ಕಾಣುತ್ತಿದ್ದವು.

ಕಡತವನ್ನು ಮತ್ತೆ ನಕಲಿಸಿದ್ದು, ಪ್ರೊಜೆಕ್ಟರಿನ ಕೇಬಲ್ ಬದಲಿಸಿದ್ದು, ಪ್ಲೇಯರನ್ನು ಹೊಸದಾಗಿ ಇಳಿಸಿಕೊಂಡದ್ದು ಯಾವುದೂ ಫಲಿಸಲಿಲ್ಲ. ಅದೇ ಕಡತ ಮನೆಯ ಲ್ಯಾಪ್‌ಟಾಪಿನಲ್ಲಿ ಸರಾಗವಾಗಿ ಓಡುತ್ತಿದ್ದುದರಿಂದ ದೋಷ ಕಡತದ್ದಲ್ಲ, ಅಡಕಗೊಳಿಸಿದ ವಿಡಿಯೊವನ್ನು ಬಿಚ್ಚಿ ಚಿತ್ರವಾಗಿಸುವ (ಡಿಕೋಡಿಂಗ್) ಕೆಲಸವನ್ನು ಗ್ರಾಫಿಕ್ಸ್ ಚಿಪ್‌ಗೆ ವಹಿಸುವ ವ್ಯವಸ್ಥೆಯದ್ದು ಎಂಬುದು ಸ್ಪಷ್ಟವಾಯಿತು.

ಪರಿಹಾರ ಹೀಗಿದೆ. ಕಂಟ್ರೋಲ್ ಮತ್ತು ಪಿ ಕೀಲಿಗಳನ್ನು ಒಟ್ಟಿಗೆ ಒತ್ತಿ ಪ್ರಿಫರೆನ್ಸಸ್ ತೆರೆದು, ‘ಇನ್‌ಪುಟ್ / ಕೋಡೆಕ್ಸ್’ ವಿಭಾಗದಲ್ಲಿ ‘ಹಾರ್ಡ್‌ವೇರ್ ಆಕ್ಸಿಲರೇಟೆಡ್ ಡಿಕೋಡಿಂಗ್’ ಎಂಬುದನ್ನು ‘ಆಟೊಮ್ಯಾಟಿಕ್’ನಿಂದ ‘ಡಿಸೇಬಲ್’ಗೆ ಬದಲಿಸಿ ‘ಸೇವ್’ ಒತ್ತಬೇಕು. ಆಮೇಲೆ ಪ್ಲೇಯರನ್ನು ಪೂರ್ತಿ ಮುಚ್ಚಿ ಮತ್ತೆ ತೆರೆಯಬೇಕು. ಓಡುತ್ತಿರುವ ವಿಡಿಯೊಗೆ ಈ ಬದಲಾವಣೆ ತಾಗದು.

ಇನ್ನೊಂದು ಮುಖ್ಯ ಸಂಗತಿಯಿದೆ. ವಿಡಿಯೊ ಕಡತದ ಮೇಲೆ ನೇರವಾಗಿ ಡಬಲ್ ಕ್ಲಿಕ್ ಮಾಡಿದರೆ ಆ ಕಂಪ್ಯೂಟರಿನ ಸ್ವಂತ ಪ್ಲೇಯರ್ ತೆರೆದುಕೊಳ್ಳುತ್ತದೆ, ಪೆನ್‌ಡ್ರೈವ್‌ನ ಸೆಟ್ಟಿಂಗ್ ಅದಕ್ಕೆ ಅನ್ವಯಿಸುವುದಿಲ್ಲ. ಆದ್ದರಿಂದ ಮೊದಲು ಪೆನ್‌ಡ್ರೈವ್‌ನ ‘ವಿಎಲ್‌ಸಿ ಪೋರ್ಟಬಲ್’ ತೆರೆದು, ಕಡತವನ್ನು ಅದರ ಕಿಟಕಿಯೊಳಗೆ ಎಳೆದು ಹಾಕಬೇಕು. ಹಾರ್ಡ್‌ವೇರ್ ಡಿಕೋಡಿಂಗ್ ನಿಲ್ಲಿಸಿದಾಗ ಪ್ರೊಸೆಸರಿನ ಹೊರೆ ಹೆಚ್ಚುವುದರಿಂದ ಹಳೆಯ ಯಂತ್ರಗಳಿಗೆ 1080ಪಿ ಬದಲು ಕಡಿಮೆ ರೆಸಲ್ಯೂಶನ್‌ನ 720ಪಿ ಕಡತವೇ ಲೇಸು.