ಇನ್ಸುಲಿನ್ ತಗೊಳ್ಳೋರು ಗುಂಪಿನ ಸೈಕಲ್ ಸವಾರಿಗೆ ಹೊರಟರೆ

ಬೆಂಗಳೂರು–ಮೈಸೂರಿನಂಥ 140 ಕಿ.ಮೀ. ದಾರಿಗೆ ಟೈಪ್ 1 ಮಧುಮೇಹ ಇರುವವರು ಹೊರಡುವಾಗ ರಕ್ತದ ಸಕ್ಕರೆ 126ರಿಂದ 180 ಮಿ.ಗ್ರಾಂ/ಡೆ.ಲೀ. ನಡುವೆ ಇದ್ದರೆ ಒಳ್ಳೆಯದು. 90ಕ್ಕಿಂತ ಕೆಳಗಿದ್ದರೆ ಮೊದಲು ಏನಾದರೂ ತಿನ್ನಿ. 250 ದಾಟಿದ್ದರೆ ಕೀಟೋನ್ (ಇನ್ಸುಲಿನ್ ಸಾಲದಾಗ ರಕ್ತದಲ್ಲಿ ಸೇರುವ ಆಮ್ಲ) ನೋಡದೆ ಪೆಡಲ್ ತುಳಿಯಬೇಡಿ. ಬೆಳಗಿನ ಇನ್ಸುಲಿನ್ ತೊಡೆಗೆ ಬೇಡ, ಹೊಟ್ಟೆಗೆ ಚುಚ್ಚಿ. ದುಡಿಯುವ ಕಾಲು ಅದನ್ನು ಬೇಗ ಹೀರುತ್ತೆ. ಡೋಸ್ ಎಷ್ಟು ಇಳಿಸಬೇಕೆಂದು ವೈದ್ಯರಿಂದ ಮೊದಲೇ ಬರೆಸಿಕೊಳ್ಳಿ, ರಾತ್ರಿಯದ್ದೂ ಸೇರಿಸಿ. ದಿನವಿಡೀ ತುಳಿದ ಮೇಲೆ ಸಕ್ಕರೆ ಕುಸಿಯುವುದು ಹೆಚ್ಚಾಗಿ ನಿದ್ದೆಯಲ್ಲೇ.

ಗ್ಲೂಕೋಸ್ ಪುಡಿಯನ್ನು 15 ಗ್ರಾಂ ಪೊಟ್ಟಣಗಳಾಗಿ ಮನೆಯಲ್ಲೇ ತೂಗಿ ಕಟ್ಟಿ, ಜರ್ಸಿ ಜೇಬಿನಲ್ಲಿಡಿ. 70ಕ್ಕಿಂತ ಇಳಿದರೆ ನಿಂತು ಒಂದು ಪೊಟ್ಟಣ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಚಾಕೊಲೇಟು, ಕಡಲೆಕಾಯಿ ಚಿಕ್ಕಿ ಆಗ ಕೆಲಸಕ್ಕೆ ಬರಲ್ಲ, ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡಮಾಡುತ್ತೆ. ಬಾಳೆಹಣ್ಣು ಸುಲಿದ ಬೆರಳಿಗೆ ಹಾಗೇ ಚುಚ್ಚಿದರೆ ಮೀಟರ್ ಸುಳ್ಳು ಹೇಳುತ್ತೆ, ಕೈ ತೊಳೆಯಿರಿ.

ಇನ್ಸುಲಿನ್ ಐಸ್‌ಗೆ ತಾಗಬಾರದು, ಹೆಪ್ಪುಗಟ್ಟಿದರೆ ಅದು ದಂಡ. ಒದ್ದೆ ಬಟ್ಟೆ ಸುತ್ತಿದ ಡಬ್ಬಿ ಗಾಳಿಗೆ ತಂಪಾಗೇ ಇರುತ್ತೆ. ದಾರಿಯಲ್ಲಿ ಇನ್ಸುಲಿನ್ ವಯಲ್ (ಸೀಸೆ) ಕೊಳ್ಳಬೇಕಾಗಿ ಬಂದರೆ ಮಿ.ಲೀ.ಗೆ 40 ಯೂನಿಟ್ಟಿನದೋ 100ರದೋ ನೋಡಿ, ಅದಕ್ಕೆ ಹೊಂದುವ ಸಿರಿಂಜೇ ತಗೊಳ್ಳಿ. 40ರ ಸಿರಿಂಜಿನಲ್ಲಿ 100ರದ್ದು ಎಳೆದರೆ ಎರಡೂವರೆ ಪಟ್ಟು ಒಳಗೆ ಹೋಗುತ್ತೆ.

ಗ್ಲೂಕೋಸ್, ಮೀಟರ್ ಇರುವ ಎರಡನೇ ಕಿಟ್ ಕೊನೆಯಲ್ಲಿ ಬರುವ ಸವಾರನ ಬಳಿ ಇರಲಿ. ನಿಮ್ಮ ಮಾತು ತೊದಲಿದರೆ, ಹ್ಯಾಂಡಲ್ ಓಲಾಡಿದರೆ ಕೇಳುತ್ತ ಕೂರದೆ ಸೈಕಲ್ ನಿಲ್ಲಿಸಲು ಅವರಿಗೆ ಹೇಳಿಡಿ. ಪ್ರಜ್ಞೆ ತಪ್ಪಿದರೆ ಬಾಯಿಗೇನೂ ಹಾಕಬಾರದು, 108ಕ್ಕೆ ಕರೆ.