ಸ್ಟ್ಯಾಂಡ್‌ಬೈ ಸರ್ವರ್‌ಗೂ ಕೆಲಸ ಕೊಡಿ

ಮುಧೋಳದ ಕಡೆ ಕಬ್ಬಿನ ಹಂಗಾಮು ಶುರುವಾದರೆ ನಮ್ಮ ಕಾರ್ಖಾನೆಯ ತೂಕದ ಕಾಟಾ ಮುಂದೆ ಟ್ರ್ಯಾಕ್ಟರ್ ಸಾಲು. ಅದೇ ಹೊತ್ತಿಗೆ ಆಫೀಸಿನಲ್ಲಿ ಬಿಲ್ ರಿಪೋರ್ಟ್ ತೆಗೆದರೆ ತೂಕದ ಚೀಟಿ ತಡವಾಗುತ್ತದೆ. ರೈತರು ಸುಮ್ನೆ ಯಾಕೆ ಕಾಯಬೇಕು? ರಿಪೋರ್ಟ್‌ಗಳನ್ನು ಸ್ಟ್ಯಾಂಡ್‌ಬೈಗೆ, ಅಂದರೆ ಮೇನ್ ಸರ್ವರ್‌ನ ಡೇಟಾವನ್ನು ಸದಾ ನಕಲು ಮಾಡಿಕೊಳ್ಳುವ ಎರಡನೇ ಸರ್ವರ್‌ಗೆ, ಕಳಿಸಿ.

ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಸ್ಟ್ಯಾಂಡ್‌ಬೈಯಿಂದ ಓದುವ ಈ ಸೌಲಭ್ಯ 2010ರ 9.0 ಆವೃತ್ತಿಯಿಂದಲೇ ಇದೆ. ಸ್ಟ್ಯಾಂಡ್‌ಬೈ ಶುರು ಮಾಡಲು ಮೇನ್ ಸರ್ವರ್‌ನ ಬೇಸ್ ಬ್ಯಾಕಪ್ (ಪೂರ್ತಿ ನಕಲು) ತೆಗೆಯುವಾಗ ದೊಡ್ಡಕ್ಷರದ 'ಆರ್' ಆಯ್ಕೆ ಕೊಡಿ. ಸ್ಟ್ಯಾಂಡ್‌ಬೈ ಸೆಟ್ಟಿಂಗ್ ತಾನೇ ಬರೆದುಕೊಳ್ಳುತ್ತದೆ. ರಿಪೋರ್ಟ್ ಆ್ಯಪ್‌ನ ಕನೆಕ್ಷನ್‌ನಲ್ಲಿ ಸ್ಟ್ಯಾಂಡ್‌ಬೈ ವಿಳಾಸ ಹಾಕಿ, ಅಷ್ಟೇ.

ಜಾಸ್ತಿ ಗಮನ ಬೇಕಿರುವುದು ಇಲ್ಲಿ. ರಿಪೋರ್ಟ್‌ನ ದೊಡ್ಡ ಕ್ವೆರಿ (ಡೇಟಾ ಕೇಳುವ ಆದೇಶ) ಓದುತ್ತಿರುವ ಹಳೇ ಸಾಲುಗಳನ್ನು ಮೇನ್ ಸರ್ವರ್‌ನ ವ್ಯಾಕ್ಯೂಮ್ (ಬೇಡದ ಹಳೇ ಸಾಲು ಗುಡಿಸುವ ಕೆಲಸ) ಅಳಿಸಿದರೆ, ಆ ಅಳಿಸುವಿಕೆ ನಕಲಿಗೂ ಬಂದಾಗ ಸ್ಟ್ಯಾಂಡ್‌ಬೈ ಡೀಫಾಲ್ಟಾಗಿ ಹೆಚ್ಚೆಂದರೆ 30 ಸೆಕೆಂಡ್ ಕಾದು ಕ್ವೆರಿಯನ್ನೇ ರದ್ದು ಮಾಡುತ್ತದೆ. ಆ ಮಿತಿ ಹೆಚ್ಚಿಸಿ. ಡೇಟಾ ಅಷ್ಟು ಹಿಂದೆ ಬೀಳಬಹುದು. ಬಿಲ್ ರಿಪೋರ್ಟ್‌ಗೆ ಅದು ನಡೆಯುತ್ತದೆ. ಈಗಷ್ಟೇ ಆದ ತೂಕ ಬೇಕೆಂದರೆ ಮೇನ್ ಸರ್ವರನ್ನೇ ಕೇಳಿ.